ಹಗುರ ಲಿನಕ್ಸ್‌ಗೆ ಯಾವ ಪ್ಯಾಕೇಜ್ ಹಗುರ?

ಪ್ರಶ್ನೆ: ನನ್ನ ಬಳಿ 2 ಜಿಬಿ ರ್‍ಯಾಮ್ ಮತ್ತು 32 ಜಿಬಿ ಇಎಂಎಂಸಿ (ಡಿಸ್ಕಿನ ಜಾಗದಲ್ಲಿರುವ ಸಂಗ್ರಹ ಚಿಪ್) ಇರುವ, 64 ಬಿಟ್‌ನ ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಡೆಬಿಯನ್ 12 ಆಧಾರಿತ ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ಅನ್ನು, ಯಂತ್ರ ಶುರುವಾದಾಗ ಸೇವೆಗಳನ್ನು ಎಬ್ಬಿಸುವ ರನಿಟ್‌ನೊಂದಿಗೆ ಹಾಕಿಕೊಂಡಿದ್ದೇನೆ. ಒಂದೇ ತಂತ್ರಾಂಶ ಡೆಬ್, ಆಪ್‌ಇಮೇಜ್, ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಎಂಬ ನಾಲ್ಕು ರೂಪಗಳಲ್ಲಿ ಸಿಗುತ್ತಿದೆ. ಇವುಗಳಲ್ಲಿ ನಿಜವಾಗಿ ಹಗುರವಾದದ್ದು ಯಾವುದು? ಪಪ್ಪಿ, ಟೈನಿ ಕೋರ್ ಎಂಬ ಪುಟ್ಟ ಲಿನಕ್ಸ್‌ಗಳ ಪ್ಯಾಕೇಜ್‌ಗಳು ಇನ್ನೂ ಚಿಕ್ಕವು ಎನ್ನುತ್ತಾರೆ. ಅತ್ತ ಹೋಗುವುದು ಒಳ್ಳೆಯದೇ?

ಉತ್ತರ: ನಿಮ್ಮ ಯಂತ್ರದ ಮಟ್ಟಿಗೆ ಹಗುರವಾದದ್ದು ನಿಮ್ಮ ವ್ಯವಸ್ಥೆಯ ಸ್ವಂತ ರೆಪೊಸಿಟರಿಯಿಂದ (ಪ್ಯಾಕೇಜ್‌ಗಳ ಭಂಡಾರದಿಂದ) ಬರುವ ಡೆಬ್. ಅಲ್ಲಿ ಸಿಗದ, ಆದರೆ ಬೇಕೇಬೇಕಾದ ಒಂದೆರಡು ತಂತ್ರಾಂಶಗಳಿಗೆ ಆಪ್‌ಇಮೇಜ್ ಬಳಸಬಹುದು. ಫ್ಲಾಟ್‌ಪ್ಯಾಕ್ ಬೇಕೆಂದರೆ ಅದರ ಪೂರ್ಣ ವೆಚ್ಚವನ್ನು ಲೆಕ್ಕ ಹಾಕಿಯೇ ಕೈ ಹಾಕಬೇಕು. ಸ್ನ್ಯಾಪ್ ನಿಮ್ಮಲ್ಲಿ ಓಡುವುದೇ ಇಲ್ಲ. ಇಷ್ಟು ತಿಳಿದರೆ ಇವತ್ತಿನ ಕೆಲಸ ನಡೆದೀತು. ಆದರೆ ನಾಳೆ ಇನ್ನೊಂದು ತಂತ್ರಾಂಶದ ಮುಂದೆ ಇದೇ ಪ್ರಶ್ನೆ ಎದ್ದಾಗ ನೀವೇ ನಿರ್ಧರಿಸಬೇಕಾದ್ದರಿಂದ ಕಾರಣಗಳನ್ನು ವಿವರವಾಗಿ ಹೇಳುತ್ತೇನೆ. ಇಳಿಸಿಕೊಂಡ ಕಡತ ಎಷ್ಟು ಎಂಬಿ ಇದೆ ಎಂಬುದನ್ನು ನೋಡಿ ಹಗುರ, ಭಾರ ಎಂದು ತೀರ್ಮಾನಿಸುವುದು ಸಾಮಾನ್ಯ ರೂಢಿ, ಮತ್ತು ಅದು ದಾರಿ ತಪ್ಪಿಸುವ ಅಳತೆ. ಒಂದು ತಂತ್ರಾಂಶ ತನಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಹಲವು ತಂತ್ರಾಂಶಗಳು ಬಳಸಬಹುದಾದ ಸಿದ್ಧ ಸಂಕೇತದ ಕಡತಗಳನ್ನು, ವ್ಯವಸ್ಥೆಯಲ್ಲಿ ಈಗಾಗಲೇ ಇರುವ ತಂತ್ರಾಂಶಗಳೊಂದಿಗೆ ಹಂಚಿಕೊಳ್ಳುತ್ತದೆಯೋ, ಇಲ್ಲವೇ ತನ್ನದೇ ಪ್ರತಿಯನ್ನು ಹೊತ್ತು ತರುತ್ತದೆಯೋ ಎಂಬುದೇ ಭಾರವನ್ನು ನಿರ್ಧರಿಸುತ್ತದೆ.

ಡೆಬ್ ಕಡತದೊಳಗೆ ರಹಸ್ಯವೇನೂ ಇಲ್ಲ. ಅದು ಯೂನಿಕ್ಸ್ ಕಾಲದಿಂದ ಬಂದ ‘ಎಆರ್’ ಎಂಬ ಸರಳ ಕಟ್ಟು. ಅದರಲ್ಲಿ ಮೂರು ಭಾಗಗಳಿರುತ್ತವೆ. ಮೊದಲನೆಯದರಲ್ಲಿ 2.0 ಎಂಬ ರೂಪದ ಆವೃತ್ತಿ ಸಂಖ್ಯೆ ಮಾತ್ರ ಇರುತ್ತದೆ. ಎರಡನೆಯದು ಪ್ಯಾಕೇಜಿನ ಹೆಸರು, ಆವೃತ್ತಿ, ಅವಲಂಬನೆಗಳು ಮತ್ತು ಹಾಕುವಾಗ, ತೆಗೆಯುವಾಗ ಓಡಬೇಕಾದ ಸ್ಕ್ರಿಪ್ಟ್‌ಗಳಿರುವ ಟಾರ್ (ಹಲವು ಕಡತಗಳನ್ನು ಒಂದಾಗಿಸಿದ ಕಟ್ಟು) ಕಡತ. ಮೂರನೆಯದು ಡಿಸ್ಕಿನ ಮೇಲೆ ಬಿಚ್ಚಿಡಬೇಕಾದ ಕಡತಗಳ ಟಾರ್. ಬೇರೆ ಕೆಲವು ಲಿನಕ್ಸ್‌ಗಳು ಬಳಸುವ ಆರ್‌ಪಿಎಂ ರೂಪದಲ್ಲಿ ಈ ಮಾಹಿತಿ ತಲೆಭಾಗದಲ್ಲಿದ್ದು ಕಡತಗಳು ಸಾಂಪ್ರದಾಯಿಕವಾಗಿ ಸಿಪಿಐಒ ಎಂಬ ಇನ್ನೊಂದು ಬಗೆಯ ಕಟ್ಟಿನಲ್ಲಿರುತ್ತವೆ. ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್‌ನ ಪ್ಯಾಕೇಜ್ ಬಹುಮಟ್ಟಿಗೆ ಕುಗ್ಗಿಸಿದ ಬರೀ ಟಾರ್. ಮೂರೂ ಕೊನೆಗೆ ಮಾಡುವುದು ಒಂದೇ ಕೆಲಸ: ಕಡತಗಳನ್ನು ಅವುಗಳ ಜಾಗಕ್ಕೆ ಬಿಚ್ಚಿ, ಏನನ್ನು ಎಲ್ಲಿಟ್ಟೆ ಎಂದು ಬರೆದಿಟ್ಟುಕೊಳ್ಳುವುದು. ಆದ್ದರಿಂದ ಡೆಬ್ ಹಗುರವೋ ಆರ್‌ಪಿಎಂ ಹಗುರವೋ ಎಂಬ ಚರ್ಚೆಯಿಂದ ನಿಮಗೆ ಸಿಗುವುದು ಏನೂ ಇಲ್ಲ.

ಹೀಗೆ ಬಿಚ್ಚಿಕೊಳ್ಳುವ ಈ ಮೊದಲ ಗುಂಪಿನ ನಿಜವಾದ ಲಾಭ ಕಾಣುವುದು ಮೆಮೊರಿಯಲ್ಲಿ. ಎರಡು ತಂತ್ರಾಂಶಗಳು ಒಂದೇ ಜಿಟಿಕೆ (ಕಿಟಕಿ, ಗುಂಡಿಗಳನ್ನು ಬಿಡಿಸುವ) ಲೈಬ್ರರಿಯ ಕಡತವನ್ನು ತೆರೆದಾಗ, ವ್ಯವಸ್ಥೆಯ ತಿರುಳಾದ ಕರ್ನಲ್ ಆ ಕಡತದ ಓದಲು ಮಾತ್ರ ಬಳಸುವ ಪುಟಗಳನ್ನು ರ್‍ಯಾಮ್‌ಗೆ ಒಮ್ಮೆ ಮಾತ್ರ ತಂದು ಇಬ್ಬರಿಗೂ ತೋರಿಸುತ್ತದೆ. ಕಡತ ವ್ಯವಸ್ಥೆಯಲ್ಲಿ ಅದು ಒಂದೇ ಕಡತ ಎಂಬುದಷ್ಟೇ ಇದಕ್ಕೆ ಆಧಾರ. ಹೆಸರು ಒಂದೇ ಇದ್ದು, ಒಳಗಿನ ಬೈಟ್‌ಗಳೂ ಒಂದೇ ಇದ್ದು, ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ ಇದ್ದರೆ ಕರ್ನಲ್ ಅದನ್ನು ಬೇರೆ ಕಡತವೆಂದೇ ಪರಿಗಣಿಸಿ ಮತ್ತೆ ಓದುತ್ತದೆ. ನಿಮ್ಮ ಫೈಲ್ ಮ್ಯಾನೇಜರ್, ಪಠ್ಯ ಸಂಪಾದಕ, ಪಿಡಿಎಫ್ ಓದುಗ ಎಲ್ಲವೂ ಡೆಬಿಯನ್‌ನ ಅದೇ ಲೈಬ್ರರಿಗಳ ಮೇಲೆ ನಿಂತಿದ್ದರೆ ನಾಲ್ಕನೆಯ ತಂತ್ರಾಂಶ ತೆರೆಯುವಾಗ ಹೊಸದಾಗಿ ಬೇಕಾಗುವುದು ಅದರ ಸ್ವಂತ ಭಾಗ ಮಾತ್ರ. ಅದೇ ನಾಲ್ಕನೆಯದು ತನ್ನದೇ ಜಿಟಿಕೆ, ತನ್ನದೇ ಜಿಲಿಬ್‌ಸಿ (ಮೂಲ ಸಿ ಲೈಬ್ರರಿ), ತನ್ನದೇ ಮೆಸಾ ಗ್ರಾಫಿಕ್ಸ್ ಲೈಬ್ರರಿ ತಂದರೆ, ಅವೆಲ್ಲ ಎರಡನೆಯ ಬಾರಿ ರ್‍ಯಾಮ್ ಸೇರುತ್ತವೆ. 16 ಜಿಬಿ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. 2 ಜಿಬಿಯಲ್ಲಿ ಬ್ರೌಸರ್ ತೆರೆದಿರುವಾಗ ಇದೇ ವ್ಯತ್ಯಾಸ ಯಂತ್ರವನ್ನು ಸ್ವಾಪ್‌ಗೆ, ಅಂದರೆ ಮೆಮೊರಿಯ ಬದಲು ನಿಧಾನವಾದ ಡಿಸ್ಕ್ ಬಳಸುವ ಸ್ಥಿತಿಗೆ, ತಳ್ಳುತ್ತದೆ.

ಕುಗ್ಗಿಸುವ ವಿಧಾನವೂ ಹಳೆಯ ಪ್ರೊಸೆಸರ್‌ಗೆ ಮುಖ್ಯವಾದ ಸಂಗತಿ, ಆದರೆ ಅದು ಕಾಡುವುದು ಪ್ಯಾಕೇಜ್ ಹಾಕುವ ಹೊತ್ತಿನಲ್ಲಿ ಮಾತ್ರ. ಡೆಬಿಯನ್ ತನ್ನ ಡೆಬ್‌ಗಳಿಗೆ ರೂಢಿಯಾಗಿ ಎಕ್ಸ್‌ಝಡ್ ಎಂಬ ವಿಧಾನ ಬಳಸುತ್ತದೆ. ಅದು ಚೆನ್ನಾಗಿ ಕುಗ್ಗಿಸುತ್ತದೆ, ನಿಧಾನವಾಗಿ ಬಿಚ್ಚುತ್ತದೆ. ಆರ್ಚ್ ಲಿನಕ್ಸ್ 2020ರ ಆರಂಭದಲ್ಲಿ ಎಕ್ಸ್‌ಝಡ್ ಬಿಟ್ಟು ಝಡ್‌ಸ್ಟ್ಯಾಂಡರ್ಡ್‌ಗೆ ಬದಲಾದಾಗ ಒಟ್ಟು ಗಾತ್ರ ಸುಮಾರು ಶೇ 0.8ರಷ್ಟು ಹೆಚ್ಚಿತೆಂದೂ ಬಿಚ್ಚುವ ವೇಗದಲ್ಲಿ ಸುಮಾರು ಶೇ 1300ರಷ್ಟು ಏರಿಕೆಯಾಯಿತೆಂದೂ ಪ್ರಕಟಿಸಿತ್ತು. ಉಬುಂಟು ಕೂಡ 21.10ರಿಂದ ಅದೇ ದಾರಿ ಹಿಡಿಯಿತು. ಹಾಗೆಂದು ನೀವು ವ್ಯವಸ್ಥೆ ಬದಲಿಸಬೇಕಿಲ್ಲ, ಏಕೆಂದರೆ ಇಎಂಎಂಸಿಯ ಮೇಲೆ, ಡೆಬ್‌ಗಳನ್ನು ಬಿಚ್ಚಿ ಹಾಕುವ ಡಿಪಿಕೆಜಿ ನಿಧಾನವಾಗಿ ತೋರುವುದಕ್ಕೆ ಇನ್ನೊಂದು ಕಾರಣವೂ ಇದೆ: ಅರ್ಧದಲ್ಲಿ ವಿದ್ಯುತ್ ಹೋದರೂ ವ್ಯವಸ್ಥೆ ಕೆಡದಿರಲೆಂದು ಅದು ಬರೆದದ್ದೆಲ್ಲ ಡಿಸ್ಕಿಗೆ ತಲುಪಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾ ಸಾಗುತ್ತದೆ. ಆ ಖಚಿತತೆಯನ್ನು ಬಿಟ್ಟು ವೇಗ ಗಳಿಸುವ ಉಪಾಯಗಳಿವೆ. ದಿನಬಳಕೆಯ ಯಂತ್ರದಲ್ಲಿ ನಾನು ಅವನ್ನು ಸಲಹೆ ಮಾಡುವುದಿಲ್ಲ.

ಎರಡನೆಯ ಗುಂಪಿನ ರೂಪಗಳು ಬಿಚ್ಚುವುದೇ ಇಲ್ಲ. ಆಪ್‌ಇಮೇಜ್, ಸ್ನ್ಯಾಪ್, ಪಪ್ಪಿಯ ಎಸ್‌ಎಫ್‌ಎಸ್, ಟೈನಿ ಕೋರ್‌ನ ಟಿಸಿಝಡ್ ಇವೆಲ್ಲದರ ಒಳಗಿರುವುದು ಸ್ಕ್ವಾಶ್‌ಎಫ್‌ಎಸ್, ಅಂದರೆ ಓದಲು ಮಾತ್ರ ಬರುವ, ಕುಗ್ಗಿಸಿಯೇ ಇಟ್ಟ ಕಡತ ವ್ಯವಸ್ಥೆ. ಇದು 2009ರಲ್ಲಿ 2.6.29ರ ಮೂಲಕ ಕರ್ನಲ್‌ನ ಮುಖ್ಯ ಮೂಲಕ್ಕೆ ಸೇರಿತು. ಕಡತವನ್ನು ಹಾಗೆಯೇ ಇಟ್ಟು ಮೌಂಟ್ ಮಾಡಿದರೆ (ಡಿಸ್ಕಿನಂತೆ ಜೋಡಿಸಿದರೆ) ಒಳಗಿನದೆಲ್ಲ ಕಾಣುತ್ತದೆ. ಡಿಸ್ಕಿನಲ್ಲಿ ಅದು ಹಿಡಿಯುವುದು ಕುಗ್ಗಿದ ಗಾತ್ರವನ್ನಷ್ಟೇ. 32 ಜಿಬಿ ಇರುವವರಿಗೆ ಇದು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಬೆಲೆಯನ್ನು ಓದುವಾಗಲೆಲ್ಲ ತೆರಬೇಕು. ಸ್ಕ್ವಾಶ್‌ಎಫ್‌ಎಸ್ ಮಾಹಿತಿಯನ್ನು ತುಂಡುಗಳಾಗಿ ಕುಗ್ಗಿಸಿಡುತ್ತದೆ. ರೂಢಿಯ ತುಂಡಿನ ಗಾತ್ರ 128 ಕೆಬಿ. ತಂತ್ರಾಂಶಕ್ಕೆ ಅದರಲ್ಲಿ 4 ಕೆಬಿಯ ಒಂದು ಪುಟ ಬೇಕಾದರೂ ಇಡೀ ತುಂಡನ್ನು ಓದಿ ಬಿಚ್ಚಬೇಕು. ರ್‍ಯಾಮ್ ಧಾರಾಳವಾಗಿದ್ದರೆ ಬಿಚ್ಚಿದ್ದು ಕ್ಯಾಶ್‌ನಲ್ಲಿ ಉಳಿಯುತ್ತದೆ, ಮತ್ತೆ ಶ್ರಮವಿಲ್ಲ. ರ್‍ಯಾಮ್ ಸಾಲದಾದಾಗ ಕರ್ನಲ್ ಮೊದಲು ಕೈಬಿಡುವುದು ಇಂಥ ಮತ್ತೆ ಓದಿಕೊಳ್ಳಬಹುದಾದ ಪುಟಗಳನ್ನೇ. ಸ್ವಲ್ಪ ಹೊತ್ತಿನಲ್ಲಿ ಅದೇ ಪುಟ ಬೇಕಾದಾಗ ಓದುವ ಕೆಲಸದ ಜೊತೆಗೆ ಬಿಚ್ಚುವ ಕೆಲಸವೂ ಪುನಃ ಆಗಬೇಕು. ಅಂದರೆ ಡಿಸ್ಕಿನಲ್ಲಿ ಉಳಿಸಿದ ಜಾಗಕ್ಕೆ ಬದಲಾಗಿ, ಯಂತ್ರ ಅತ್ಯಂತ ಒತ್ತಡದಲ್ಲಿರುವ ಕ್ಷಣದಲ್ಲಿಯೇ ಪ್ರೊಸೆಸರ್ ದುಡಿಯಬೇಕಾಗುತ್ತದೆ. ಹಳೆಯ ಎರಡು ಕೋರ್‌ನ ಪ್ರೊಸೆಸರ್‌ನಲ್ಲಿ ಈ ವ್ಯವಹಾರ ಅಷ್ಟೇನೂ ಲಾಭದ್ದಲ್ಲ.

ಆಪ್‌ಇಮೇಜ್‌ನ ಸೊಗಸು ಅದರ ಸರಳತೆಯಲ್ಲಿದೆ. ಸೈಮನ್ ಪೀಟರ್ 2004ರಲ್ಲಿ ಕ್ಲಿಕ್ ಎಂಬ ಹೆಸರಿನಲ್ಲಿ ಆರಂಭಿಸಿದ ಯೋಜನೆ ಮುಂದೆ ಈ ರೂಪಕ್ಕೆ ಬಂದಿತು: ಒಂದು ತಂತ್ರಾಂಶ, ಒಂದು ಕಡತ. ಅದಕ್ಕೆ ಓಡುವ ಅನುಮತಿ ಕೊಟ್ಟು ಕ್ಲಿಕ್ಕಿಸಿದರೆ ಸಾಕು. ಬೇಡವಾದಾಗ ಅಳಿಸಿದರೆ ವ್ಯವಸ್ಥೆಯ ಕಡತಗಳಲ್ಲಿ ಏನೂ ಉಳಿಯುವುದಿಲ್ಲ, ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಸೆಟ್ಟಿಂಗ್‌ಗಳು ಮಾತ್ರ ಇರುತ್ತವೆ. ಹಿನ್ನೆಲೆಯಲ್ಲಿ ಓಡುವ ಸೇವೆ ಇಲ್ಲ, ಡೇಟಾಬೇಸ್ ಇಲ್ಲ. ಹಗುರ ವ್ಯವಸ್ಥೆಗೆ ಇದು ಹೊಂದುವ ಗುಣ. ಆದರೂ ಮೂರು ತೊಡಕುಗಳಿವೆ. ಹಳೆಯ ಬಗೆಯ ಆಪ್‌ಇಮೇಜ್‌ಗಳಿಗೆ, ಮೌಂಟ್ ಮಾಡಲು ನೆರವಾಗುವ ಫ್ಯೂಸ್‌ನ 2ನೆಯ ಆವೃತ್ತಿಯ ಲೈಬ್ರರಿ ಬೇಕು. ಅದು ಇಲ್ಲದಿದ್ದರೆ ಕಡತ ತೆರೆಯುವುದೇ ಇಲ್ಲ. ಡೆಬಿಯನ್ 12ರ ರೆಪೊಸಿಟರಿಯಲ್ಲಿ ಆ ಲೈಬ್ರರಿ ಚಿಕ್ಕ ಪ್ಯಾಕೇಜ್ ಆಗಿ ಸಿಗುತ್ತದೆ, ಆದ್ದರಿಂದ ಇದು ದೊಡ್ಡ ಅಡ್ಡಿಯಲ್ಲ.

ಎರಡನೆಯ ತೊಡಕು ಹೆಚ್ಚು ಗಂಭೀರವಾದುದು. ಆಪ್‌ಇಮೇಜ್ ಬಹುಪಾಲು ಲೈಬ್ರರಿಗಳನ್ನು ತನ್ನೊಡನೆ ತಂದರೂ ಎಲ್ಲಕ್ಕೂ ಅಡಿಪಾಯವಾದ ಜಿಲಿಬ್‌ಸಿಯನ್ನು ಸಾಮಾನ್ಯವಾಗಿ ತರುವುದಿಲ್ಲ. ಅದನ್ನು ನಿಮ್ಮ ವ್ಯವಸ್ಥೆಯಿಂದಲೇ ಪಡೆಯುತ್ತದೆ. ಡೆಬಿಯನ್ 12ರಲ್ಲಿರುವುದು ಜಿಲಿಬ್‌ಸಿ 2.36. ತಂತ್ರಾಂಶ ಕಟ್ಟಿದವರು ಉಬುಂಟು 24.04ರ ಮೇಲೆ, ಅಂದರೆ 2.39ರ ಜೊತೆ ಕಟ್ಟಿದ್ದರೆ, ಅದು ನಿಮ್ಮಲ್ಲಿ ಹೊಸ ಆವೃತ್ತಿಯ ಗುರುತನ್ನು ಕೇಳಿ ಸಿಗದೆ ನಿಂತುಬಿಡುವ ಸಾಧ್ಯತೆ ಬಹಳ. ಅನುಭವಿಗಳು ಹಳೆಯ ವ್ಯವಸ್ಥೆಯೊಂದರ ಮೇಲೆಯೇ ಆಪ್‌ಇಮೇಜ್ ಕಟ್ಟುವುದು ಇದೇ ಕಾರಣಕ್ಕೆ. ಟರ್ಮಿನಲ್‌ನಲ್ಲಿ ಓಡಿಸಿ ನೋಡಿದಾಗ ದೋಷದ ಸಾಲಿನಲ್ಲಿ ಜಿಲಿಬ್‌ಸಿ ಎಂದೂ ಮುಂದೊಂದು ಸಂಖ್ಯೆಯೂ ಕಂಡರೆ, ಆ ಕಡತವನ್ನು ಅಳಿಸಿ ಹಳೆಯ ಬಿಡುಗಡೆಯನ್ನು ಹುಡುಕಿ. ವ್ಯವಸ್ಥೆಯ ಜಿಲಿಬ್‌ಸಿಯನ್ನು ಬೇರೆಡೆಯಿಂದ ತಂದು ಬದಲಿಸುವ ಸಾಹಸಕ್ಕೆ ಮಾತ್ರ ಹೋಗಬೇಡಿ. ಕಡತಗಳ ಪಟ್ಟಿ ತೋರಿಸುವ ಎಲ್ಎಸ್ ಆಜ್ಞೆಯೂ ಓಡದ ಸ್ಥಿತಿಗೆ ಅದು ಒಯ್ಯಬಲ್ಲದು.

ಮೂರನೆಯದು ನವೀಕರಣ. ಆಪ್‌ಇಮೇಜ್ ಕಡತದೊಳಗೆ ನವೀಕರಣದ ಮಾಹಿತಿ ಸೇರಿಸಿ, ಬದಲಾದ ಭಾಗವನ್ನಷ್ಟೇ ಇಳಿಸುವ ಸೌಲಭ್ಯ ಇದೆ. ಆದರೆ ಅದನ್ನು ಸೇರಿಸುವುದು ಕಟ್ಟಿದವರ ಇಚ್ಛೆಗೆ ಬಿಟ್ಟದ್ದು. ಅದು ಇಲ್ಲದಿದ್ದರೆ ಒಳಗೆ ಕುಳಿತ, ಜಾಲದ ಸಂವಹನವನ್ನು ಗೂಢಗೊಳಿಸುವ ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿಯಲ್ಲಿ ದೋಷ ಪತ್ತೆಯಾದರೂ ನಿಮ್ಮ ಪ್ರತಿ ಹಾಗೆಯೇ ಇರುತ್ತದೆ. ಡೆಬಿಯನ್‌ನಲ್ಲಿ ಆ ಲೈಬ್ರರಿಯ ಒಂದು ಡೆಬ್ ನವೀಕರಿಸಿದರೆ ಅದನ್ನು ಹಂಚಿಕೊಳ್ಳುವ ಎಲ್ಲ ತಂತ್ರಾಂಶಗಳೂ ಒಮ್ಮೆಗೇ ಸರಿಹೋಗುತ್ತವೆ. ಈ ಕಾರಣದಿಂದ ಜಾಲಕ್ಕೆ ನೇರವಾಗಿ ತೆರೆದುಕೊಳ್ಳುವ ತಂತ್ರಾಂಶಗಳನ್ನು, ಮುಖ್ಯವಾಗಿ ಬ್ರೌಸರ್ ಮತ್ತು ಮೇಲ್ ತಂತ್ರಾಂಶವನ್ನು, ರೆಪೊಸಿಟರಿಯಿಂದಲೇ ಹಾಕಿಕೊಳ್ಳುವುದು ಕ್ಷೇಮ. ಚಿತ್ರ ಸಂಪಾದಕ, ಮೂರು ಆಯಾಮದ ವಿನ್ಯಾಸದ ತಂತ್ರಾಂಶ ಮೊದಲಾದ, ಅಪರೂಪಕ್ಕೆ ತೆರೆದು ಮುಚ್ಚುವ ದೊಡ್ಡ ಸಾಧನಗಳು ಆಪ್‌ಇಮೇಜ್‌ಗೆ ತಕ್ಕವು. ಅವುಗಳನ್ನು ಬಳಸುವಾಗ ಉಳಿದದ್ದನ್ನು ಮುಚ್ಚಿಕೊಂಡರೆ ಮೆಮೊರಿಯ ದುಪ್ಪಟ್ಟು ವೆಚ್ಚವೂ ಅಷ್ಟಾಗಿ ಕಾಡುವುದಿಲ್ಲ.

ಫ್ಲಾಟ್‌ಪ್ಯಾಕ್ ಈ ಎರಡೂ ಗುಂಪುಗಳ ನಡುವಿನದು. ತಂತ್ರಾಂಶಗಳು ತಮ್ಮ ಲೈಬ್ರರಿಗಳನ್ನು ಹಂಚಿಕೊಳ್ಳುತ್ತವೆ, ಆದರೆ ನಿಮ್ಮ ವ್ಯವಸ್ಥೆಯೊಡನೆ ಅಲ್ಲ. ರನ್‌ಟೈಮ್ ಎಂಬ ಪ್ರತ್ಯೇಕ ತಳಹದಿಯೊಡನೆ. ಫ್ರೀಡೆಸ್ಕ್‌ಟಾಪ್, ಗ್ನೋಮ್, ಕೆಡಿಇ ಎಂಬ ಮೂರು ಮುಖ್ಯ ರನ್‌ಟೈಮ್‌ಗಳಿವೆ. ಮೊದಲ ತಂತ್ರಾಂಶ ಹಾಕುವಾಗ ಅದು ಕೆಲವೇ ಎಂಬಿಯದ್ದಾಗಿದ್ದರೂ ರನ್‌ಟೈಮ್, ಗ್ರಾಫಿಕ್ಸ್ ವಿಸ್ತರಣೆ, ಭಾಷಾ ವಿಸ್ತರಣೆ ಸೇರಿ ನೂರಾರು ಎಂಬಿ ಇಳಿಯುತ್ತದೆ. ಅದೇ ರನ್‌ಟೈಮ್‌ನ ಅದೇ ಆವೃತ್ತಿಯನ್ನು ಬಳಸುವ ಐದಾರು ತಂತ್ರಾಂಶಗಳಿದ್ದರೆ ಆ ವೆಚ್ಚ ಹಂಚಿಹೋಗುತ್ತದೆ. ಫ್ಲಾಟ್‌ಪ್ಯಾಕ್‌ನ ಕೆಳಗಿರುವ ಓಎಸ್‌ಟ್ರೀ ಎಂಬ ಸಂಗ್ರಹ ವ್ಯವಸ್ಥೆ ಒಂದೇ ಬಗೆಯ ಕಡತಗಳನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವುದರಿಂದ ಅವು ಡಿಸ್ಕಿನಲ್ಲಿಯೂ ಮೆಮೊರಿಯಲ್ಲಿಯೂ ತಮ್ಮ ನಡುವೆ ಹಂಚಿಕೆಯಾಗುತ್ತವೆ. ಕಷ್ಟ ಆವೃತ್ತಿಗಳದ್ದು. ಫ್ರೀಡೆಸ್ಕ್‌ಟಾಪ್ ರನ್‌ಟೈಮ್ ವರ್ಷಕ್ಕೊಮ್ಮೆ, 23.08, 24.08 ಎಂಬ ಹೆಸರುಗಳಲ್ಲಿ ಬರುತ್ತದೆ. ಒಂದು ತಂತ್ರಾಂಶ ಹಳೆಯದನ್ನೂ ಇನ್ನೊಂದು ಹೊಸದನ್ನೂ ಕೇಳಿದರೆ ಎರಡೂ ಬೇಕು. ಬಳಕೆಯಲ್ಲಿಲ್ಲದ ರನ್‌ಟೈಮ್‌ಗಳನ್ನು ತೆಗೆಯುವ ಆಜ್ಞೆ ಫ್ಲಾಟ್‌ಪ್ಯಾಕ್‌ನಲ್ಲಿಯೇ ಇದೆ. ಅದನ್ನು ಆಗಾಗ ಓಡಿಸದ ಯಂತ್ರಗಳಲ್ಲಿ ಹಲವು ಜಿಬಿ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ 32 ಜಿಬಿಯ ಇಎಂಎಂಸಿ ಮೇಲೆ ಒಂದೇ ಒಂದು ತಂತ್ರಾಂಶಕ್ಕಾಗಿ ಫ್ಲಾಟ್‌ಪ್ಯಾಕ್ ಹಾಕುವುದು ದುಂದು. ಇದಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ಮಾತೂ ಇದೆ: ಬಬಲ್‌ರ್‍ಯಾಪ್ ಎಂಬ ಸಾಧನದ ಮೂಲಕ ತಂತ್ರಾಂಶವನ್ನು ಬೇಲಿಯೊಳಗೆ ಇಡುವ ಅದರ ಕ್ರಮ ಡೆಬ್‌ನಲ್ಲಾಗಲೀ ಆಪ್‌ಇಮೇಜ್‌ನಲ್ಲಾಗಲೀ ತಾನಾಗಿ ಸಿಗುವುದಿಲ್ಲ. ಮೂಲ ಸಂಕೇತ ತೆರೆದಿರದ ತಂತ್ರಾಂಶವನ್ನು ಬಳಸಲೇಬೇಕಾದರೆ ಆ ಬೇಲಿಗೆ ಡಿಸ್ಕಿನ ಜಾಗ ತೆರುವುದು ಸಮರ್ಥನೀಯ.

ಸ್ನ್ಯಾಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಹಿನ್ನೆಲೆ ಸೇವೆಯಾದ ಸ್ನ್ಯಾಪ್‌ಡಿಗೆ, ರನಿಟ್‌ನ ಜಾಗದಲ್ಲಿ ಕೆಲಸ ಮಾಡುವ ಸಿಸ್ಟಂಡಿ ಬೇಕು. ರನಿಟ್‌ನೊಂದಿಗೆ ಅದು ನಡೆಯುವುದಿಲ್ಲ. ಸಿಸ್ಟಂಡಿ ಇದ್ದರೂ, ಸದಾ ಓಡುವ ಒಂದು ಸೇವೆ, ಪ್ರತಿ ಸ್ನ್ಯಾಪ್‌ಗೂ ಒಂದು ಮೌಂಟ್, ನವೀಕರಣದ ನಂತರವೂ ಉಳಿಸಿಕೊಳ್ಳುವ ಹಿಂದಿನ ಆವೃತ್ತಿ ಇವೆಲ್ಲ ಚಿಕ್ಕ ಯಂತ್ರಕ್ಕೆ ಹೇಳಿ ಮಾಡಿಸಿದವಲ್ಲ.

ಇನ್ನು ಪಪ್ಪಿ. ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಈ ವ್ಯವಸ್ಥೆ ರ್‍ಯಾಮ್‌ನಲ್ಲಿಯೇ ಓಡುವಂತೆ ರೂಪುಗೊಂಡದ್ದು, ಅದರ ಪ್ಯಾಕೇಜ್‌ಗಳೂ ಆ ಉದ್ದೇಶಕ್ಕೆ ತಕ್ಕಂತಿವೆ. ಪೆಟ್ ಎಂಬುದು ಕುಗ್ಗಿಸಿದ ಟಾರ್ ಕಡತ. ಅದರ ತುದಿಗೆ ಒಂದು ಎಂಡಿ5 ಮೊತ್ತವನ್ನು (ಕಡತದ ಒಳಗಿನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆಯನ್ನು) ಅಂಟಿಸಿರುತ್ತಾರೆ. ಹಾಕಿದಾಗ ಕಡತಗಳು ನಿಮ್ಮ ಬದಲಾವಣೆಗಳನ್ನು ಇಟ್ಟುಕೊಳ್ಳುವ ಉಳಿಕೆ ಕಡತದೊಳಕ್ಕೆ ಬಿಚ್ಚಿಕೊಳ್ಳುತ್ತವೆ. ಎಸ್‌ಎಫ್‌ಎಸ್ ಆದರೆ ಬಿಚ್ಚದೆ ಒಂದು ಪದರವಾಗಿ ಮೇಲೆ ಕೂರುತ್ತದೆ, ಬೇಡವಾದಾಗ ಕಳಚಿಡಬಹುದು. ಕಂಪೈಲರ್‌ನಂಥ ಆಗಾಗ ಮಾತ್ರ ಬೇಕಾಗುವ ದೊಡ್ಡ ಕಟ್ಟುಗಳಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಎಂಡಿ5 ಮೊತ್ತ ಹೇಳುವುದು ಇಳಿಸುವಾಗ ಕಡತ ಕೆಟ್ಟಿಲ್ಲ ಎಂಬುದನ್ನಷ್ಟೇ. ಯಾರೋ ಬೇಕೆಂದೇ ಬದಲಿಸಿದ್ದರೆ ಮೊತ್ತವನ್ನೂ ಬದಲಿಸಿರುತ್ತಾರೆ. ಡೆಬಿಯನ್‌ನಲ್ಲಿ ಸಹಿ ಹಾಕಿದ ಪಟ್ಟಿಯೊಂದರಿಂದ ಹಿಡಿದು ಪ್ರತಿ ಡೆಬ್‌ವರೆಗೆ ಹ್ಯಾಶ್‌ಗಳ (ಇಂಥ ಗುರುತು ಸಂಖ್ಯೆಗಳ) ಸರಪಳಿ ಇದೆ, ಅದನ್ನು ಡೆಬ್‌ಗಳನ್ನು ಇಳಿಸಿ ಹಾಕಿಸುವ ಎಪಿಟಿ ಪರೀಕ್ಷಿಸುತ್ತದೆ. ಅಲ್ಲದೆ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಪೆಟ್‌ಗಳ ಸಂಗ್ರಹ ಅದರ ಹತ್ತಿರಕ್ಕೂ ಬರುವುದಿಲ್ಲ. ಪಪ್ಪಿಯ ಹಲವು ಆವೃತ್ತಿಗಳು ಡೆಬಿಯನ್ ಅಥವಾ ಉಬುಂಟುವಿನ ಬೈನರಿಗಳಿಂದಲೇ ಕಟ್ಟಿದವಾದ್ದರಿಂದ ಅಲ್ಲಿಯೂ ಜನ ಕೊನೆಗೆ ಡೆಬ್‌ಗಳನ್ನೇ ಹಾಕಿಕೊಳ್ಳುತ್ತಾರೆ. ನಿಮ್ಮ ಕೈಯಲ್ಲಿ ಈಗಾಗಲೇ ಅದೇ ಡೆಬ್‌ಗಳು ಇರುವಾಗ ಹೊರಡುವ ಅಗತ್ಯ ನನಗೆ ಕಾಣುವುದಿಲ್ಲ.

ಟೈನಿ ಕೋರ್ ಇದಕ್ಕಿಂತ ಕಟ್ಟುನಿಟ್ಟಿನದು. ಅದರ ಟಿಸಿಝಡ್ ಒಂದು ಸ್ಕ್ವಾಶ್‌ಎಫ್‌ಎಸ್ ಕಡತ; ಪಕ್ಕದಲ್ಲಿ ಅವಲಂಬನೆಗಳ ಹೆಸರುಗಳಿರುವ ಒಂದು ಚಿಕ್ಕ ಪಠ್ಯ ಕಡತ. ಪ್ರತಿ ಬೂಟ್‌ನಲ್ಲಿ ಪಟ್ಟಿಯಲ್ಲಿರುವ ಟಿಸಿಝಡ್‌ಗಳನ್ನು ಮೌಂಟ್ ಮಾಡಿ, ರ್‍ಯಾಮ್‌ನಲ್ಲಿರುವ ಕಡತ ವ್ಯವಸ್ಥೆಯಿಂದ ಅವುಗಳಿಗೆ ಸಾಂಕೇತಿಕ ಕೊಂಡಿಗಳನ್ನು ಹಾಕಲಾಗುತ್ತದೆ. ಲೈಬ್ರರಿಗಳೂ ಪ್ರತ್ಯೇಕ ಟಿಸಿಝಡ್‌ಗಳಾಗಿರುವುದರಿಂದ ಇಲ್ಲಿ ಹಂಚಿಕೆ ಕೆಡುವುದಿಲ್ಲ. ಆಪ್‌ಇಮೇಜ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು. ಒಂದೇ ಕೆಲಸಕ್ಕೆ ಮೀಸಲಾದ ಯಂತ್ರಕ್ಕೆ ಇದು ಅಚ್ಚುಕಟ್ಟಾದ ಏರ್ಪಾಡು. ದಿನವೂ ಬೇರೆ ಬೇರೆ ಕೆಲಸ ಮಾಡುವ ಲ್ಯಾಪ್‌ಟಾಪ್‌ಗೆ, ಏನನ್ನು ಉಳಿಸಬೇಕೆಂದು ಪ್ರತಿ ಬಾರಿಯೂ ನೀವೇ ನೆನಪಿಡಬೇಕಾದ ಅದರ ಕ್ರಮ ಬೇಗ ಬೇಸರ ತರಿಸುತ್ತದೆ.

ನೀವು ಕೇಳದಿದ್ದರೂ ಆಲ್ಪೈನ್ ಎಂಬ ಲಿನಕ್ಸ್‌ನ ಎಪಿಕೆಯನ್ನು ಹೆಸರಿಸಲೇಬೇಕು, ಏಕೆಂದರೆ ಹಗುರವಾದ ಪ್ಯಾಕೇಜ್ ವ್ಯವಸ್ಥೆ ಎಂಬ ಮಾತಿಗೆ ಇವತ್ತು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೈಪಿಡಿ, ದಾಖಲೆಗಳನ್ನು ಮುಖ್ಯ ಪ್ಯಾಕೇಜಿನಿಂದ ಬೇರೆಯಾಗಿಯೇ ಇಡುತ್ತಾರೆ. ನೀವು ಹೆಸರು ಹೇಳಿ ಹಾಕಿಸಿಕೊಂಡ ಪ್ಯಾಕೇಜ್‌ಗಳ ಪಟ್ಟಿ ಮಾತ್ರ ಒಂದು ಕಡತದಲ್ಲಿರುತ್ತದೆ. ಅದರಿಂದ ಒಂದು ಹೆಸರು ತೆಗೆದರೆ, ಅದಕ್ಕಾಗಿ ಬಂದಿದ್ದ ಲೈಬ್ರರಿಗಳೂ ಬೇರೆ ಯಾರಿಗೂ ಬೇಡವಾಗಿದ್ದರೆ ಜೊತೆಯಲ್ಲೇ ಹೋಗುತ್ತವೆ. ರೌಟರ್‌ಗಳ ಓಪನ್‌ಡಬ್ಲ್ಯುಆರ್‌ಟಿ 2024ರಲ್ಲಿ ತನ್ನ ಅಭಿವೃದ್ಧಿ ಶಾಖೆಯಲ್ಲಿ ಹಳೆಯ ಓಪಿಕೆಜಿಯನ್ನು ಬಿಟ್ಟು ಇದನ್ನು ಸ್ವೀಕರಿಸಿತು. ಆದರೆ ಆಲ್ಪೈನ್ ನಿಂತಿರುವುದು ಮಸಲ್ ಎಂಬ ಬೇರೆ ಸಿ ಲೈಬ್ರರಿಯ ಮೇಲೆ. ಜಿಲಿಬ್‌ಸಿಗೆಂದು ಕಟ್ಟಿದ ಬಹುತೇಕ ಆಪ್‌ಇಮೇಜ್‌ಗಳೂ ಮೂಲ ಸಂಕೇತ ಸಿಗದ ತಂತ್ರಾಂಶಗಳೂ ಅಲ್ಲಿ ನೇರವಾಗಿ ಓಡುವುದಿಲ್ಲ. ರೆಪೊಸಿಟರಿಯಲ್ಲಿ ಇರುವುದಷ್ಟೇ ಸಾಕೆನ್ನುವವರು ಪ್ರಯತ್ನಿಸಬಹುದು.

ನಿಮ್ಮ ಈಗಿನ ವ್ಯವಸ್ಥೆಯನ್ನೇ ಹಗುರಗೊಳಿಸಲು ಮಾಡಬಹುದಾದ್ದು ಬಹಳ ಇದೆ. ಎಪಿಟಿ ಅವಲಂಬನೆಗಳ ಜೊತೆಗೆ ‘ಶಿಫಾರಸು’ ಎಂದು ಗುರುತಿಸಿದ ಪ್ಯಾಕೇಜ್‌ಗಳನ್ನೂ ಮೂಲ ಡೆಬಿಯನ್‌ನಲ್ಲಿ ತಾನಾಗಿ ಎಳೆದು ತರುತ್ತದೆ. ನಿಮ್ಮ ಸೆಟ್ಟಿಂಗ್‌ನಲ್ಲಿ ಅದು ನಿಂತಿದೆಯೇ ಎಂದು ನೋಡಿ, ಇಲ್ಲದಿದ್ದರೆ ನಿಲ್ಲಿಸಿ. ಆಗ ಯಾವುದಾದರೂ ತಂತ್ರಾಂಶದ ಒಂದು ಸೌಲಭ್ಯ ಕೆಲಸ ಮಾಡದಿದ್ದರೆ ಅದರ ಶಿಫಾರಸುಗಳ ಪಟ್ಟಿಯನ್ನು ಓದಿ ಬೇಕಾದ್ದೊಂದನ್ನೇ ಹಾಕಿಕೊಳ್ಳಬಹುದು. ಇಳಿಸಿದ ಡೆಬ್‌ಗಳು ಎಪಿಟಿಯ ಕ್ಯಾಶ್ ಡೈರೆಕ್ಟರಿಯಲ್ಲಿ ಉಳಿದಿರಬಹುದು. ಎಪಿಟಿಯ ‘ಕ್ಲೀನ್’ ಆಜ್ಞೆ ಅವನ್ನು ಅಳಿಸುತ್ತದೆ, ‘ಆಟೊರಿಮೂವ್’ ಯಾರಿಗೂ ಬೇಡದ ಅವಲಂಬನೆಗಳನ್ನು ತೆಗೆಯುತ್ತದೆ. ಆಟೊರಿಮೂವ್ ತೋರಿಸುವ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಡಬೇಡಿ. ದಾಖಲೆಗಳನ್ನೂ ನಿಮಗೆ ಬೇಡದ ಭಾಷೆಗಳ ಅನುವಾದಗಳನ್ನೂ ಡಿಸ್ಕಿಗೆ ಬಿಚ್ಚಲೇಬೇಡ ಎಂದು ಡಿಪಿಕೆಜಿಗೆ ಹೇಳುವ ಒಂದು ಸೆಟ್ಟಿಂಗ್ ಇದೆ. ಅಲ್ಲಿ ಬಿಡಬೇಕಾದ ಡೈರೆಕ್ಟರಿಗಳ ಹೆಸರು ಬರೆದರೆ ಮುಂದೆ ಹಾಕುವ ಪ್ಯಾಕೇಜ್‌ಗಳಿಗೆಲ್ಲ ಅದು ಅನ್ವಯಿಸುತ್ತದೆ. ಪರವಾನಗಿ ತಿಳಿಸುವ ಕಾಪಿರೈಟ್ ಕಡತಗಳನ್ನು ಮಾತ್ರ ಉಳಿಸಿಕೊಳ್ಳಿ.

ಹೊಸ ಆವೃತ್ತಿ ಬೇಕೆಂಬ ಕಾರಣಕ್ಕೆ ನೀವು ಆಪ್‌ಇಮೇಜ್ ಕಡೆ ನೋಡುತ್ತಿದ್ದರೆ, ಮೊದಲು ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ನೋಡಿ. ಮುಂದಿನ ಬಿಡುಗಡೆಯ ತಂತ್ರಾಂಶವನ್ನು ನಿಮ್ಮ ಬಿಡುಗಡೆಯ ಲೈಬ್ರರಿಗಳ ಮೇಲೆಯೇ ಮತ್ತೆ ಕಟ್ಟಿ ಅಲ್ಲಿ ಇಡುತ್ತಾರೆ, ಹಾಗಾಗಿ ಹಂಚಿಕೆ ಉಳಿಯುತ್ತದೆ. ಅದನ್ನು ಸೇರಿಸಿದ ಮಾತ್ರಕ್ಕೆ ಎಲ್ಲವೂ ಬದಲಾಗುವುದಿಲ್ಲ, ನೀವು ಹೆಸರಿಸಿ ಕೇಳಿದ್ದು ಮಾತ್ರ ಅಲ್ಲಿಂದ ಬರುತ್ತದೆ. ತಂತ್ರಾಂಶ ತಯಾರಕರೇ ನಡೆಸುವ ರೆಪೊಸಿಟರಿಗಳೂ ಇವೆ. ಉದಾಹರಣೆಗೆ ಮೊಜಿಲ್ಲಾ 2024ರ ಜನವರಿಯಿಂದ ಫೈರ್‌ಫಾಕ್ಸ್‌ನ ಸ್ಥಿರ ಆವೃತ್ತಿಯನ್ನು ಸ್ವಂತ ಡೆಬ್ ಆಗಿ ಕೊಡುತ್ತಿದೆ. ಇಂಥ ರೆಪೊಸಿಟರಿ ಸೇರಿಸುವಾಗ ಅದರ ಸಹಿ ಪರೀಕ್ಷಿಸುವ ಕೀಲಿಯನ್ನು ಆ ಒಂದು ರೆಪೊಸಿಟರಿಗೆ ಮಾತ್ರ ಸೀಮಿತಗೊಳಿಸಿ. ಡೆಬ್‌ನ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಿಂದ (ಯಂತ್ರದ ಪೂರ್ಣ ಅಧಿಕಾರದಿಂದ) ಓಡುತ್ತವೆ ಎಂಬುದು ನೆನಪಿರಲಿ: ಎಲ್ಲಿಂದಲೋ ಇಳಿಸಿದ ಒಂಟಿ ಡೆಬ್ ಕಡತ, ಎಲ್ಲಿಂದಲೋ ಇಳಿಸಿದ ಆಪ್‌ಇಮೇಜ್‌ಗಿಂತ ಈ ಒಂದು ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಆರ್‌ಪಿಎಂ ಮಾತ್ರ ಸಿಗುವ ತಂತ್ರಾಂಶವನ್ನು ಏಲಿಯನ್ ಎಂಬ ಸಾಧನ ಬಳಸಿ ಡೆಬ್ ಆಗಿ ಬದಲಿಸಬಹುದಾದರೂ, ಅವಲಂಬನೆಗಳ ಹೆಸರುಗಳು ಎರಡು ಲೋಕಗಳಲ್ಲಿ ಬೇರೆ ಬೇರೆಯಾದ್ದರಿಂದ ಫಲಿತಾಂಶ ನಂಬಲರ್ಹವಲ್ಲ. ಅಂಥ ಸಂದರ್ಭದಲ್ಲಿ ಅದೇ ತಂತ್ರಾಂಶದ ಆಪ್‌ಇಮೇಜ್ ಇದೆಯೇ ಎಂದು ನೋಡಿ. ಇದ್ದರೆ ಹೋಮ್ ಡೈರೆಕ್ಟರಿಯಲ್ಲಿ ಅದಕ್ಕೊಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ, ಮತ್ತು ಇಳಿಸಿದ ದಿನಾಂಕವನ್ನು ಕಡತದ ಹೆಸರಿನಲ್ಲಿಯೇ ಸೇರಿಸಿಬಿಡಿ. ಯಾವುದು ಹಳತಾಗಿದೆ ಎಂಬುದನ್ನು ನಿಮ್ಮ ಪರವಾಗಿ ನೋಡಿಕೊಳ್ಳುವ ಎಪಿಟಿ ಆ ಫೋಲ್ಡರಿನ ಕಡೆಗೆ ಬರುವುದಿಲ್ಲ.